ಒಂದೇ ಪದ, ಮೂರು ಪೋರ್ಟು: ಬ್ಲೇಡ್ ಸರ್ವರ್ ಬದಲಿಸಿದಾಗ ಜಾಲದ ದಾರಿ ಏನಾಗುತ್ತದೆ?

ಕಿತ್ತೂರಿಗೆ ಹತ್ತಿರದ ದೇಗಾಂವದ ರೈತರೊಬ್ಬರಿಗೆ ತಮ್ಮ ಹೊಲದ ಪಹಣಿ ಬೇಕಾಗಿದೆ ಎಂದುಕೊಳ್ಳೋಣ. ‘ಭೂಮಿ’ ಯೋಜನೆಯ ಮೊದಲ ವರ್ಷಗಳಲ್ಲಿ ಪಹಣಿಯ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲೇ ಇರುತ್ತಿತ್ತು. ಮುಂದೆ ರಾಜ್ಯವ್ಯಾಪಿ ಜಾಲಗಳೂ ರಾಜ್ಯ ದತ್ತಾಂಶ ಕೇಂದ್ರಗಳೂ ಬಂದವು. ರಾಜ್ಯವ್ಯಾಪಿ ಜಾಲದ ಯೋಜನೆಗೆ ಕೇಂದ್ರ ಸರ್ಕಾರ 2005ರಲ್ಲಿ, ದತ್ತಾಂಶ ಕೇಂದ್ರದ ಯೋಜನೆಗೆ 2008ರಲ್ಲಿ ಮಂಜೂರಾತಿ ನೀಡಿತು. ಹಳ್ಳಿಯ ಕಾಗದಪತ್ರ ಹೀಗೆ ದೂರದ ನಗರದ ಸರ್ವರನ್ನು ಅವಲಂಬಿಸಿತು. ಆ ಸರ್ವರು ಒಂದು ಗಂಟೆ ನಿಂತರೆ ಒಂದು ಊರಿಗಲ್ಲ, ಇಡೀ ರಾಜ್ಯದ ಕಿಟಕಿಗಳ ಮುಂದೆ ಸಾಲು ಬೆಳೆಯುತ್ತದೆ. ಅದಕ್ಕಾಗಿಯೇ ಇಂಥ ಕೇಂದ್ರಗಳಲ್ಲಿ ಪ್ರತಿ ಸರ್ವರಿಗೂ ಜಾಲಕ್ಕೆ ಎರಡು ದಾರಿ ಇಟ್ಟಿರುತ್ತಾರೆ. ಒಂದು ಕಡಿದರೆ ಇನ್ನೊಂದು.

ಆದರೆ ಹಳೆಯ ಸರ್ವರು ತೆಗೆದು ಹೊಸದನ್ನು ಕೂರಿಸಿದಾಗ ಈ ಎರಡು ದಾರಿಗಳು ಯಾರ ಗಮನಕ್ಕೂ ಬಾರದೆ ಒಂದೇ ದಾರಿಯಾಗಿಬಿಡಬಹುದು. ದೀಪಗಳೆಲ್ಲ ಹಸಿರಾಗಿಯೇ ಉರಿಯುತ್ತಿರುತ್ತವೆ. ಇದು ಹೇಗೆ ಸಾಧ್ಯ? ತಯಾರಕರು ಕೊಡುವ ‘ಪೋರ್ಟ್ ಮ್ಯಾಪಿಂಗ್’ ಕೋಷ್ಟಕಗಳು ಇದನ್ನು ತಡೆಯಲು ಸಾಕೇ? ಬ್ಲೇಡ್ ಸರ್ವರುಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿಮರ್ಶಾತ್ಮಕವಾಗಿ ನೋಡುವುದು ಈ ಲೇಖನದ ಉದ್ದೇಶ.

ಬ್ಲೇಡ್ ಎಂದರೇನು?

ಸಾಮಾನ್ಯ ಸರ್ವರಿಗೆ ತನ್ನದೇ ಪೆಟ್ಟಿಗೆ, ತನ್ನದೇ ವಿದ್ಯುತ್ ಸರಬರಾಜು, ತನ್ನದೇ ಫ್ಯಾನು, ಬೆನ್ನಿನಲ್ಲಿ ತನ್ನದೇ ಕೇಬಲ್ಲುಗಳು ಇರುತ್ತವೆ. ನೂರು ಸರ್ವರುಗಳಿದ್ದರೆ ಇವೆಲ್ಲವೂ ನೂರು ಪಟ್ಟು. ಇದನ್ನು ತಗ್ಗಿಸಲು 2001ರಲ್ಲಿ ಅಮೆರಿಕದ ಆರ್‌ಎಲ್‌ಎಕ್ಸ್ ಟೆಕ್ನಾಲಜೀಸ್ ಕಂಪನಿ ಹೊಸ ಬಗೆಯ ಸರ್ವರನ್ನು ಮಾರುಕಟ್ಟೆಗೆ ತಂದಿತು. ಪುಸ್ತಕದಂತೆ ತೆಳುವಾದ ಗಣಕಗಳನ್ನು ಒಂದೇ ಪೆಟ್ಟಿಗೆಯ ಖಾನೆಗಳಲ್ಲಿ ನಿಲ್ಲಿಸಿ, ವಿದ್ಯುತ್ತು, ಗಾಳಿ, ಜಾಲ ಎಲ್ಲವನ್ನೂ ಹಂಚಿಕೊಳ್ಳುವಂತೆ ಮಾಡುವ ವಿಧಾನ ಇದು. ಆ ತೆಳು ಗಣಕವೇ ಬ್ಲೇಡ್. ಐಬಿಎಂ 2002ರಲ್ಲಿ, ಎಚ್‌ಪಿ 2006ರಲ್ಲಿ (ಸಿ-7000 ಎಂಬ ಹೆಸರಿನ ಪೆಟ್ಟಿಗೆ), ಡೆಲ್ 2008ರಲ್ಲಿ (ಎಂ-1000ಇ) ಹೊರತಂದ ಪೆಟ್ಟಿಗೆಗಳು ವ್ಯಾಪಕವಾಗಿ ಬಳಕೆಯಾದವು.

ಸಿ-7000 ಪೆಟ್ಟಿಗೆಯ ಎತ್ತರ 10 ಯೂನಿಟ್, ಎಂದರೆ ಹದಿನೇಳೂವರೆ ಅಂಗುಲ. ಅದರ ಮುಂಭಾಗದಲ್ಲಿ ಅರ್ಧ ಎತ್ತರದ 16 ಬ್ಲೇಡುಗಳು, ಅಥವಾ ಪೂರ್ಣ ಎತ್ತರದ 8 ಬ್ಲೇಡುಗಳು ಕೂರುತ್ತವೆ. ಹಿಂಭಾಗದಲ್ಲಿ ಸ್ವಿಚ್ಚುಗಳಿಗಾಗಿ 8 ಖಾನೆಗಳಿವೆ. ಮುಂದಿನ ಬ್ಲೇಡಿಗೂ ಹಿಂದಿನ ಸ್ವಿಚ್ಚಿಗೂ ನಡುವೆ ಕೇಬಲ್ ಇಲ್ಲ. ಎರಡರ ಮಧ್ಯೆ ತಾಮ್ರದ ಗೆರೆಗಳನ್ನು ಅಚ್ಚೊತ್ತಿದ ಒಂದು ಹಲಗೆ ನಿಂತಿರುತ್ತದೆ. ಇದನ್ನು ಮಿಡ್‌ಪ್ಲೇನ್ ಎನ್ನುತ್ತಾರೆ. ನಾವು ನಡುಹಲಗೆ ಎಂದು ಕರೆಯೋಣ. ಯಾವ ಬ್ಲೇಡಿನ ಯಾವ ಸಂಪರ್ಕ ಯಾವ ಸ್ವಿಚ್ಚಿಗೆ ಹೋಗಬೇಕೆಂಬುದು ಕಾರ್ಖಾನೆಯಲ್ಲೇ ನಿರ್ಧಾರವಾಗಿ ಈ ಹಲಗೆಯಲ್ಲಿ ಮುದ್ರಿತವಾಗಿರುತ್ತದೆ. ಕೊಂಡವರು ಅದನ್ನು ಬದಲಿಸುವಂತಿಲ್ಲ.

ಕಿತ್ತೂರಿನ ಎಕ್ಸ್‌ಚೇಂಜ್ ಕಲಿಸಿದ ಪಾಠ

ಒಂದು ಯಂತ್ರ ತೆಗೆದು ಇನ್ನೊಂದನ್ನು ಇಟ್ಟರೂ ಬಳಕೆದಾರನಿಗೆ ತಿಳಿಯಬಾರದು ಎಂಬ ಸಮಸ್ಯೆ ಹೊಸದಲ್ಲ. ದೇಗಾಂವದ ನೆರೆಯಲ್ಲೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಭಾರತದ ಹಳ್ಳಿಗಳಿಗೆಂದೇ 128 ಪೋರ್ಟುಗಳ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜನ್ನು ರೂಪಿಸಿತು. ಹವಾನಿಯಂತ್ರಣವಿಲ್ಲದ ಕೋಣೆಯಲ್ಲೂ ಕೆಲಸ ಮಾಡಬಲ್ಲ ಈ ಯಂತ್ರದ ಮೊದಲ ಸ್ಥಾಪನೆ ನಡೆದದ್ದು 1986ರಲ್ಲಿ, ಕಿತ್ತೂರಿನಲ್ಲಿ.

ಎಕ್ಸ್‌ಚೇಂಜಿನಲ್ಲಿ ಒಬ್ಬ ಗ್ರಾಹಕನಿಗೆ ಸಂಬಂಧಿಸಿದಂತೆ ಮೂರು ಬೇರೆ ಬೇರೆ ಗುರುತುಗಳಿರುತ್ತವೆ. ಮೊದಲನೆಯದು ಊರೆಲ್ಲ ಬಲ್ಲ ಫೋನ್ ನಂಬರು. ಎರಡನೆಯದು ಯಂತ್ರದೊಳಗಿನ ನೆಲೆ: ಯಾವ ಚೌಕಟ್ಟು, ಯಾವ ಖಾನೆಯ ಕಾರ್ಡು, ಆ ಕಾರ್ಡಿನ ಎಷ್ಟನೆಯ ಪೋರ್ಟು. ಸಿ-ಡಾಟ್ ಎಕ್ಸ್‌ಚೇಂಜುಗಳಲ್ಲಿ ಇದಕ್ಕೆ ಟರ್ಮಿನಲ್ ಇಕ್ವಿಪ್‌ಮೆಂಟ್ ನಂಬರ್ ಎಂಬ ಪ್ರತ್ಯೇಕ ಹೆಸರೇ ಇತ್ತು. ಮೂರನೆಯದು ಗ್ರಾಹಕನ ಮನೆಯಿಂದ ಬಂದ ಜೋಡಿತಂತಿ ಎಕ್ಸ್‌ಚೇಂಜಿನ ವಿತರಣಾ ಚೌಕಟ್ಟಿನಲ್ಲಿ ಮುಟ್ಟುವ ಜಾಗ. ಮೊದಲ ಎರಡನ್ನು ತಂತ್ರಾಂಶದ ಕೋಷ್ಟಕವೊಂದು ಬೆಸೆಯುತ್ತಿತ್ತು. ಕೊನೆಯ ಎರಡನ್ನು ಜಂಪರ್ ಎಂಬ ತುಂಡುತಂತಿ ಬೆಸೆಯುತ್ತಿತ್ತು.

ಕಾರ್ಡು ಕೆಟ್ಟರೆ ಲೈನ್‌ಮನ್ ಜಂಪರನ್ನು ಬೇರೆ ಪೋರ್ಟಿಗೆ ಹಾಕುತ್ತಿದ್ದ, ಕೋಷ್ಟಕದಲ್ಲಿ ಒಂದು ಸಾಲು ತಿದ್ದಲಾಗುತ್ತಿತ್ತು, ಫೋನ್ ನಂಬರು ಮಾತ್ರ ಹಾಗೆಯೇ ಉಳಿಯುತ್ತಿತ್ತು. ಇಲ್ಲಿ ಗಮನಿಸಬೇಕಾದದ್ದು ಯಂತ್ರದ ಜಾಣ್ಮೆಯನ್ನಲ್ಲ, ಹೆಸರುಗಳ ಶಿಸ್ತನ್ನು. ಮೂರು ವಸ್ತುಗಳಿಗೆ ಮೂರು ಹೆಸರು ಇದ್ದುದರಿಂದ ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂಬುದನ್ನು ರಿಜಿಸ್ಟರಿನಲ್ಲಿ ಬರೆದಿಡಬಹುದಾಗಿತ್ತು.

ಬ್ಲೇಡ್ ಪೆಟ್ಟಿಗೆಯಲ್ಲೂ ಇದೇ ಮೂರು ಗುರುತುಗಳಿವೆ. ಕಾರ್ಯಾಚರಣೆ ವ್ಯವಸ್ಥೆ ಕೊಡುವ ಹೆಸರು (ಲಿನಕ್ಸಿನಲ್ಲಾದರೆ ಇಥ್-0, ಇಥ್-1 ಇತ್ಯಾದಿ) ಒಂದು. ಬ್ಲೇಡಿನ ಮೇಲಿರುವ ಭೌತಿಕ ಸಂಪರ್ಕ ಎರಡು. ನಡುಹಲಗೆಯಾಚೆ ಸ್ವಿಚ್ಚಿನಲ್ಲಿರುವ ಪ್ರವೇಶದ್ವಾರ ಮೂರು. ವ್ಯತ್ಯಾಸವೇನೆಂದರೆ ಈ ಮೂರಕ್ಕೂ ದಿನಬಳಕೆಯಲ್ಲಿ ಇರುವುದು ಒಂದೇ ಹೆಸರು: ಪೋರ್ಟ್. ‘ಪೋರ್ಟ್ 1’ ಎಂದು ಒಬ್ಬ ತಂತ್ರಜ್ಞ ಹೇಳಿದರೆ ಕೇಳುವವನು ಬೇರೆಯದನ್ನೇ ತಿಳಿದುಕೊಳ್ಳುವ ಸಂಭವವಿದೆ. ಬ್ಲೇಡನ್ನು ಮೇಲ್ದರ್ಜೆಗೇರಿಸುವಾಗ ಆಗುವ ಬಹುಪಾಲು ಗೊಂದಲದ ಮೂಲ ಇದು.

ನಡುಹಲಗೆಯ ನಕ್ಷೆ

ಸಿ-7000 ಪೆಟ್ಟಿಗೆಯ ಮೂಲ ನಕ್ಷೆ ಸರಳವಾಗಿದೆ. ಅರ್ಧ ಎತ್ತರದ ಬ್ಲೇಡಿನ ಮದರ್‌ಬೋರ್ಡಿನಲ್ಲೇ ಎರಡು ಜಾಲಸಂಪರ್ಕಗಳಿರುತ್ತವೆ. ಮೊದಲನೆಯದು ಹಿಂದಿನ 1ನೇ ಖಾನೆಯ ಸ್ವಿಚ್ಚಿಗೆ, ಎರಡನೆಯದು 2ನೇ ಖಾನೆಯ ಸ್ವಿಚ್ಚಿಗೆ ಹೋಗುತ್ತದೆ. ಹೆಚ್ಚು ಸಂಪರ್ಕ ಬೇಕಾದರೆ ಬ್ಲೇಡಿನ ಮೇಲೆ ಮೆಜನೀನ್ ಎಂಬ ಚಿಕ್ಕ ಕಾರ್ಡುಗಳನ್ನು ಕೂರಿಸಬಹುದು. ಮೊದಲ ಮೆಜನೀನ್ ಕಾರ್ಡಿನ ಸಂಪರ್ಕಗಳು 3 ಮತ್ತು 4ನೇ ಖಾನೆಗಳಿಗೆ, ಎರಡನೆಯ ಕಾರ್ಡಿನವು 5ರಿಂದ 8ರವರೆಗಿನ ಖಾನೆಗಳಿಗೆ ತಲಪುತ್ತವೆ. ಮುಂದೆ 5ನೇ ಖಾನೆಯಲ್ಲಿರುವ ಬ್ಲೇಡು ಹಿಂದಿನ ಪ್ರತಿ ಸ್ವಿಚ್ಚಿನಲ್ಲೂ 5ನೇ ಒಳದ್ವಾರವನ್ನು ಮುಟ್ಟುತ್ತದೆ. ಇಷ್ಟನ್ನು ತಯಾರಕರ ಕೋಷ್ಟಕ ಸ್ಪಷ್ಟವಾಗಿಯೇ ಹೇಳುತ್ತದೆ. ಎರಡು ಸಂಪರ್ಕಗಳು ಎರಡು ಪ್ರತ್ಯೇಕ ಸ್ವಿಚ್ಚುಗಳಿಗೆ ಹೋಗುವಂತೆ ರೂಪಿಸಿರುವುದು ಮೆಚ್ಚತಕ್ಕ ವಿನ್ಯಾಸ.

ಪೂರ್ಣ ಎತ್ತರದ ಬ್ಲೇಡು ಮೇಲಿನ ಮತ್ತು ಕೆಳಗಿನ ಎರಡೂ ಖಾನೆಗಳನ್ನು ಆಕ್ರಮಿಸುತ್ತದೆ. 1ನೇ ಖಾನೆಯಲ್ಲಿ ಕೂತ ದೊಡ್ಡ ಬ್ಲೇಡು 9ನೆಯದನ್ನೂ ಆವರಿಸುತ್ತದೆ. ಆದ್ದರಿಂದ ಅದಕ್ಕೆ 1ನೇ ಸ್ವಿಚ್ಚಿನಲ್ಲೂ 2ನೇ ಸ್ವಿಚ್ಚಿನಲ್ಲೂ ತಲಾ ಎರಡು ಒಳದ್ವಾರಗಳು ಸಿಗುತ್ತವೆ: 1 ಮತ್ತು 9.

ಮೊದಲ ತೊಡಕು ಇಲ್ಲಿಯೇ ಕಾಣುತ್ತದೆ. ಸಂಸ್ಥೆಯೊಂದು ಹಳೆಯ ದೊಡ್ಡ ಬ್ಲೇಡನ್ನು ತೆಗೆದು, ಅದೇ ಜಾಗದಲ್ಲಿ ಹೊಸ ಪೀಳಿಗೆಯ ಎರಡು ಅರ್ಧ ಬ್ಲೇಡುಗಳನ್ನು ಕೂರಿಸಿತು ಎನ್ನಿ. ಸ್ವಿಚ್ಚಿನ 9ನೇ ದ್ವಾರಕ್ಕೆ ಮೊದಲೇ ಕೊಟ್ಟಿದ್ದ ಸೂಚನೆಗಳು (ಯಾವ ಉಪಜಾಲಕ್ಕೆ ಪ್ರವೇಶ, ಯಾವುದಕ್ಕೆ ನಿಷೇಧ) ಹಾಗೆಯೇ ಉಳಿದಿವೆ. ಹಿಂದೆ ಅವು ಒಂದೇ ಸರ್ವರಿನ ಎರಡನೆಯ ಕೈಗೆ ಅನ್ವಯಿಸುತ್ತಿದ್ದವು. ಈಗ 9ನೇ ಖಾನೆಗೆ ಬಂದ ಬೇರೆಯೇ ಸರ್ವರಿಗೆ ಅನ್ವಯಿಸುತ್ತವೆ. ಅದಕ್ಕೆ ಸಲ್ಲದ ಉಪಜಾಲದ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಇದು ಸಂಪರ್ಕ ಕಡಿಯುವ ತೊಂದರೆಯಲ್ಲ, ಇರಬಾರದ ಕಡೆ ಸಂಪರ್ಕ ಇರುವ ತೊಂದರೆ. ಭದ್ರತೆಯ ದೃಷ್ಟಿಯಿಂದ ಇದು ಹೆಚ್ಚು ಗಂಭೀರ.

ಎರಡು ಎಂಟಾದಾಗ

ಎಚ್‌ಪಿಯ ಬಿಎಲ್-460ಸಿ ಎಂಬ ಬ್ಲೇಡಿನ ಮೊದಲ ಪೀಳಿಗೆಯಲ್ಲಿ ಮದರ್‌ಬೋರ್ಡಿನ ಎರಡು ಸಂಪರ್ಕಗಳ ವೇಗ ಸೆಕೆಂಡಿಗೆ ತಲಾ 1 ಗಿಗಾಬಿಟ್. 2009ರಲ್ಲಿ ಬಂದ ಜಿ-6 ಪೀಳಿಗೆಯಲ್ಲೂ ಸಂಪರ್ಕಗಳು ಎರಡೇ, ಆದರೆ ವೇಗ ತಲಾ 10 ಗಿಗಾಬಿಟ್. ಜೊತೆಗೆ ಫ್ಲೆಕ್ಸ್-10 ಎಂಬ ತಂತ್ರವೂ ಸೇರಿತು. ಇದಕ್ಕೆ ಹೊಂದುವ ಮಾಡ್ಯೂಲು ಹಿಂದಿನ ಖಾನೆಯಲ್ಲಿದ್ದರೆ ಪ್ರತಿಯೊಂದು ಭೌತಿಕ ಸಂಪರ್ಕ ನಾಲ್ಕು ಪಾಲಾಗಿ, ನಾಲ್ಕು ಬೇರೆ ಬೇರೆ ಜಾಲಕಾರ್ಡುಗಳಂತೆ ಕಾರ್ಯಾಚರಣೆ ವ್ಯವಸ್ಥೆಗೆ ಕಾಣುತ್ತದೆ. 10 ಗಿಗಾಬಿಟ್ಟಿನಲ್ಲಿ ಯಾವ ಪಾಲಿಗೆ ಎಷ್ಟು ಎಂಬುದನ್ನು 100 ಮೆಗಾಬಿಟ್ಟಿನ ಹಂತಗಳಲ್ಲಿ ಹಂಚಿಕೊಡಬಹುದು. ಅಂದರೆ ಇದ್ದದ್ದು ಎರಡು, ಕಾಣುವುದು ಎಂಟು. 16 ಬ್ಲೇಡುಗಳ ಪೆಟ್ಟಿಗೆಯಲ್ಲಿ ಹೀಗೆ ಕಾಣುವ ಕಾರ್ಡುಗಳ ಸಂಖ್ಯೆ 128. ಕಿತ್ತೂರಿನ ಎಕ್ಸ್‌ಚೇಂಜಿನಲ್ಲಿದ್ದಷ್ಟೇ ಸಂಖ್ಯೆಯ ಪೋರ್ಟುಗಳು! ಆದರೆ ಅಲ್ಲಿ 128 ನಿಜವಾದ ತಂತಿಜೋಡಿಗಳಿಗೆ ಜಾಗವಿತ್ತು. ಇಲ್ಲಿರುವ ನಿಜವಾದ ದಾರಿಗಳು 32 ಮಾತ್ರ.

ಅದೇ ಬ್ಲೇಡನ್ನು ಸಾಧಾರಣ ಸ್ವಿಚ್ಚಿರುವ ಪೆಟ್ಟಿಗೆಗೆ ಹಾಕಿದರೆ ಮತ್ತೆ ಎರಡೇ ಕಾರ್ಡುಗಳು ಕಾಣುತ್ತವೆ ಎಂಬುದನ್ನೂ ಗಮನಿಸಬೇಕು. ಬ್ಲೇಡನ್ನು ಮಾತ್ರ ನೋಡಿ ಎಷ್ಟು ಕಾರ್ಡುಗಳಿವೆ ಎಂದು ಹೇಳುವಂತಿಲ್ಲ. ಉತ್ತರ ಅದರ ಬೆನ್ನಹಿಂದಿನ ಮಾಡ್ಯೂಲನ್ನು ಅವಲಂಬಿಸಿದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಹಳೆಯ ಬ್ಲೇಡಿನಲ್ಲಿ ಮದರ್‌ಬೋರ್ಡಿನ ಎರಡು ಸಂಪರ್ಕಗಳು ಇಥ್-0 ಮತ್ತು ಇಥ್-1. ಮೊದಲ ಮೆಜನೀನ್ ಕಾರ್ಡಿನವು ಇಥ್-2 ಮತ್ತು ಇಥ್-3. ಎಚ್ಚರಿಕೆಯ ಆಡಳಿತಗಾರನು ಇಥ್-0 ಮತ್ತು ಇಥ್-2ನ್ನು ಜೋಡಿ ಮಾಡಿದ್ದಾನೆ. ಮೊದಲನೆಯದು 1ನೇ ಖಾನೆಯ ಸ್ವಿಚ್ಚಿಗೆ, ಎರಡನೆಯದು 3ನೇ ಖಾನೆಯ ಸ್ವಿಚ್ಚಿಗೆ ಹೋಗುತ್ತದೆ. ಕಾರ್ಡು ಕೆಟ್ಟರೂ ಸ್ವಿಚ್ಚು ಕೆಟ್ಟರೂ ಇನ್ನೊಂದು ದಾರಿ ಇದೆ. ಇದು ಒಳ್ಳೆಯ ವ್ಯವಸ್ಥೆ.

ಈಗ ಫ್ಲೆಕ್ಸ್-10 ಬ್ಲೇಡು ಬಂದಿತು. ಹಳೆಯ ಡಿಸ್ಕಿನಲ್ಲಿದ್ದ ಸೂಚನೆಗಳನ್ನೇ ಹೊಸ ಬ್ಲೇಡಿಗೆ ನಕಲು ಮಾಡಲಾಯಿತು. ಪಾಲುಗಳನ್ನು ಈ ಕ್ರಮದಲ್ಲಿ ಎಣಿಸಲಾಗಿದೆ ಎನ್ನೋಣ: ಒಂದನೇ ಸಂಪರ್ಕದ ಮೊದಲ ಪಾಲು, ಎರಡನೇ ಸಂಪರ್ಕದ ಮೊದಲ ಪಾಲು, ಮತ್ತೆ ಒಂದನೆಯದರ ಎರಡನೇ ಪಾಲು, ಎರಡನೆಯದರ ಎರಡನೇ ಪಾಲು. ಆಗ ಇಥ್-0 ಎಂದರೆ ಒಂದನೇ ಸಂಪರ್ಕದ ಮೊದಲ ಪಾಲು. ಇಥ್-2 ಎಂದರೆ ಅದೇ ಒಂದನೇ ಸಂಪರ್ಕದ ಎರಡನೇ ಪಾಲು. ಇವೆರಡರ ಜೋಡಿ ಈಗ ಒಂದೇ ಚಿಪ್ಪು, ಒಂದೇ ತಾಮ್ರದ ಗೆರೆ, ಒಂದೇ ಸ್ವಿಚ್ಚಿನ ಮೇಲೆ ನಿಂತಿದೆ. ಇಥ್-0 ಸರಿ ಇದೆ, ಇಥ್-2 ಸರಿ ಇದೆ, ಜೋಡಿಯೂ ಸರಿ ಇದೆ ಎಂದು ಪರದೆ ತೋರಿಸುತ್ತದೆ. ಎರಡನೆಯ ದಾರಿ ಮಾತ್ರ ಇಲ್ಲ.

ಇದರಿಂದಾಗುವ ನಷ್ಟ ಎಷ್ಟು? ಸಂಭವನೀಯತೆಯ ಗುಣಾಕಾರ ನಿಯಮ ಕಲಿತ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಬಹುದು. ಲೆಕ್ಕಕ್ಕಾಗಿ ಒಂದು ದಾರಿ ಕೈಕೊಡುವ ಸಂಭವ 100ರಲ್ಲಿ 1 ಎಂದಿಟ್ಟುಕೊಳ್ಳಿ. ಎರಡು ದಾರಿಗಳು ಸ್ವತಂತ್ರವಾಗಿದ್ದರೆ ಎರಡೂ ಒಟ್ಟಿಗೆ ಕೈಕೊಡುವ ಸಂಭವ 10,000ದಲ್ಲಿ 1. ಎರಡೂ ಒಂದೇ ದಾರಿಯ ಪಾಲುಗಳಾಗಿದ್ದರೆ ಸಂಭವ ಮತ್ತೆ 100ರಲ್ಲಿ 1. ಹೊಸ ಯಂತ್ರ ಹತ್ತು ಪಟ್ಟು ವೇಗದ್ದಾದರೂ ಭರವಸೆ ನೂರು ಪಟ್ಟು ಇಳಿದಿದೆ. ಗುಣಾಕಾರ ನಿಯಮದಲ್ಲಿ ‘ಸ್ವತಂತ್ರ ಘಟನೆಗಳಾಗಿದ್ದರೆ’ ಎಂಬ ಷರತ್ತನ್ನು ನಾವು ಎಷ್ಟೋ ಸಲ ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಆ ಷರತ್ತಿನ ಅರ್ಥ ಏನೆಂಬುದು ಇಲ್ಲಿ ಕಾಣುತ್ತದೆ.

ಎದುರಿಗೆ ಯಾರೂ ಇಲ್ಲದ ಸಂಪರ್ಕ

ಡೆಲ್‌ನ ಎಂ-1000ಇ ಪೆಟ್ಟಿಗೆಯಲ್ಲಿ ಹೆಸರಿಡುವ ಕ್ರಮ ಬೇರೆ. ಅಲ್ಲಿ ಮೂರು ಜಾಲಗುಂಪುಗಳಿಗೆ ಎ, ಬಿ, ಸಿ ಎಂದು ಹೆಸರು. ಮದರ್‌ಬೋರ್ಡಿನ ಸಂಪರ್ಕಗಳು ಎ-1 ಮತ್ತು ಎ-2 ಸ್ವಿಚ್ಚುಗಳಿಗೆ, ಮೆಜನೀನ್ ಕಾರ್ಡುಗಳವು ಬಿ ಮತ್ತು ಸಿ ಗುಂಪಿನ ಸ್ವಿಚ್ಚುಗಳಿಗೆ ಹೋಗುತ್ತವೆ. ಅಂಕಿಗೆ ಬದಲು ಅಕ್ಷರ ಬಳಸಿದ್ದರಿಂದ ಸ್ವಿಚ್ಚಿನ ಹೆಸರೂ ಬ್ಲೇಡಿನ ಸಂಪರ್ಕದ ಹೆಸರೂ ಕಲೆಸಿಹೋಗುವ ಸಂಭವ ಕಡಿಮೆ. ಈ ಅಂಶದಲ್ಲಿ ಇದು ಎಚ್‌ಪಿಯ ಪದ್ಧತಿಗಿಂತ ಉತ್ತಮ ಎನ್ನಬೇಕು.

ಆದರೆ ಮೇಲ್ದರ್ಜೆಗೇರಿಸುವಾಗ ಇಲ್ಲಿಯೂ ತೊಡಕಿದೆ. ಎರಡು ಸಂಪರ್ಕಗಳ ಕಾರ್ಡಿನ ಬದಲು ನಾಲ್ಕು ಸಂಪರ್ಕಗಳ ಕಾರ್ಡಿರುವ ಬ್ಲೇಡನ್ನು ಹಾಕಿದರೆ ಸಂಪರ್ಕಗಳು ದುಪ್ಪಟ್ಟಾಗುತ್ತವೆ ಎಂದು ಯಾರಾದರೂ ನಿರೀಕ್ಷಿಸುತ್ತಾರೆ. ಆ ನಾಲ್ಕರಲ್ಲಿ ಎರಡು ಒಂದು ಸ್ವಿಚ್ಚಿಗೆ, ಇನ್ನೆರಡು ಇನ್ನೊಂದಕ್ಕೆ ಹೋಗುತ್ತವೆ. ಹೀಗಾಗಿ 16 ಬ್ಲೇಡುಗಳಿಗೆ ಪ್ರತಿ ಸ್ವಿಚ್ಚಿನಲ್ಲೂ 32 ಒಳದ್ವಾರಗಳು ಬೇಕು. ಹಳೆಯ ಸ್ವಿಚ್ಚಿನಲ್ಲಿ 16 ಮಾತ್ರ ಇದ್ದರೆ ಮೊದಲ ಎರಡು ಸಂಪರ್ಕಗಳು ಮಾತ್ರ ಜೀವ ತಳೆಯುತ್ತವೆ. ಉಳಿದೆರಡು ಬ್ಲೇಡಿನಲ್ಲಿವೆ, ನಡುಹಲಗೆಯಲ್ಲೂ ಗೆರೆ ಇದೆ, ಆದರೆ ಎದುರಿಗೆ ಮಾತನಾಡುವವರಿಲ್ಲ. ಕೆಟ್ಟುಹೋದ ಕಾರ್ಡೆಂದು ಭಾವಿಸಿ ಬ್ಲೇಡನ್ನು ಕಳಚಿ ನೋಡಿದರೂ ದೋಷ ಸಿಗುವುದಿಲ್ಲ, ಏಕೆಂದರೆ ಅಲ್ಲಿ ದೋಷವೇ ಇಲ್ಲ.

ಹೆಸರಿಡುವ ತಂತ್ರಾಂಶದ ಕಥೆ

ಯಂತ್ರಾಂಶ ಒಂದಿಷ್ಟೂ ಬದಲಾಗದಿದ್ದರೂ ಹೆಸರು ಬದಲಾಗಬಹುದು. ಆರಂಭದ ಲಿನಕ್ಸ್ ವ್ಯವಸ್ಥೆಗಳಲ್ಲಿ ಯಾವ ಕಾರ್ಡು ಮೊದಲು ಪತ್ತೆಯಾಗುತ್ತದೋ ಅದೇ ಇಥ್-0. ತರಗತಿಗೆ ಮೊದಲು ಬಂದವನಿಗೆ ಹಾಜರಿಯಲ್ಲಿ ಒಂದನೇ ನಂಬರು ಕೊಟ್ಟಂತೆ. ಪ್ರತಿ ದಿನ ನಂಬರು ಬದಲಾಗುವ ಅಪಾಯವಿತ್ತು. ಇದನ್ನು ತಪ್ಪಿಸಲು ಪ್ರತಿ ಕಾರ್ಡಿನ 48 ಬಿಟ್ಟುಗಳ ಮ್ಯಾಕ್ ವಿಳಾಸವನ್ನೂ ಅದಕ್ಕೆ ಕೊಟ್ಟ ಹೆಸರನ್ನೂ ಒಂದು ಕಡತದಲ್ಲಿ ಬರೆದಿಡುವ ಏರ್ಪಾಡು ಬಂದಿತು.

ಈ ಏರ್ಪಾಡು ಒಂದೇ ಯಂತ್ರದಲ್ಲಿ ಚೆನ್ನಾಗಿ ನಡೆಯಿತು. ಬ್ಲೇಡು ಬದಲಿಸಿ ಹಳೆಯ ಡಿಸ್ಕನ್ನು ಹೊಸ ಬ್ಲೇಡಿಗೆ ಹಾಕಿದಾಗ ಮಾತ್ರ ತೊಂದರೆ. ಹೊಸ ಬ್ಲೇಡಿನ ಮ್ಯಾಕ್ ವಿಳಾಸಗಳು ಬೇರೆ. ಕಡತದಲ್ಲಿ ಇಥ್-0, ಇಥ್-1 ಎಂಬ ಹೆಸರುಗಳು ಹಳೆಯ ವಿಳಾಸಗಳಿಗೆ ಕಾಯ್ದಿಟ್ಟಿವೆ. ಆದ್ದರಿಂದ ಹೊಸ ಕಾರ್ಡುಗಳಿಗೆ ಇಥ್-2, ಇಥ್-3 ಎಂಬ ಹೆಸರು ಬೀಳುತ್ತದೆ. ಐಪಿ ವಿಳಾಸದ ಸೂಚನೆಗಳೆಲ್ಲ ಇಥ್-0ರ ಹೆಸರಿನಲ್ಲಿವೆ. ಇಥ್-0 ಎಂಬ ಕಾರ್ಡೇ ಇಲ್ಲ. ಸರ್ವರು ಏಳುತ್ತದೆ, ಜಾಲದಲ್ಲಿ ಕಾಣುವುದಿಲ್ಲ.

2013ರಲ್ಲಿ ಸಿಸ್ಟಮ್-ಡಿ ಎಂಬ ತಂತ್ರಾಂಶದ 197ನೇ ಆವೃತ್ತಿಯೊಂದಿಗೆ ‘ಊಹಿಸಬಹುದಾದ ಹೆಸರುಗಳು’ ಎಂಬ ಪದ್ಧತಿ ಬಂದಿತು. ಕಾರ್ಡು ಯಂತ್ರದಲ್ಲಿ ಎಲ್ಲಿ ಕೂತಿದೆ (ಮದರ್‌ಬೋರ್ಡಿನಲ್ಲೋ, ಯಾವ ಖಾನೆಯಲ್ಲೋ, ಯಾವ ಬಸ್ಸಿನಲ್ಲೋ) ಎಂಬುದರಿಂದ ಹೆಸರು ಹುಟ್ಟುತ್ತದೆ. ಇದು ಎಕ್ಸ್‌ಚೇಂಜಿನ ಟರ್ಮಿನಲ್ ಇಕ್ವಿಪ್‌ಮೆಂಟ್ ನಂಬರಿನ ವಿಚಾರವೇ. ಕಾರ್ಡು ಕೆಟ್ಟು ಅದೇ ಬಗೆಯ ಇನ್ನೊಂದನ್ನು ಅದೇ ಜಾಗದಲ್ಲಿ ಹಾಕಿದರೆ ಹೆಸರು ಉಳಿಯುತ್ತದೆ. ಇದು ದೊಡ್ಡ ಸುಧಾರಣೆ. ಆದರೆ ಬೇರೆ ಪೀಳಿಗೆಯ ಬ್ಲೇಡಿನ ಒಳವಿನ್ಯಾಸ ಬೇರೆಯಾಗಿರುವುದರಿಂದ ಬಸ್ಸಿನ ಸಂಖ್ಯೆ ಬದಲಾದರೆ ಹೆಸರೂ ಬದಲಾಗುತ್ತದೆ. ಅಷ್ಟೇ ಅಲ್ಲ, ಹೆಸರು ಕಟ್ಟುವ ನಿಯಮಗಳೇ ಆವೃತ್ತಿಯಿಂದ ಆವೃತ್ತಿಗೆ ತಿದ್ದುಪಡಿಯಾದವು. ಕೊನೆಗೆ 2018ರಲ್ಲಿ ಆ ನಿಯಮಗಳಿಗೇ ಆವೃತ್ತಿ ಸಂಖ್ಯೆ ಕೊಟ್ಟು, ಬೇಕಾದವರು ಹಳೆಯ ನಿಯಮವನ್ನೇ ಉಳಿಸಿಕೊಳ್ಳುವ ಅವಕಾಶ ಮಾಡಬೇಕಾಯಿತು. ‘ಊಹಿಸಬಹುದಾದ’ ಎಂಬ ವಿಶೇಷಣ ಒಂದೇ ಯಂತ್ರಕ್ಕೆ, ಒಂದೇ ನಿಯಮಾವಳಿಗೆ ಸಲ್ಲುತ್ತದೆಯೇ ಹೊರತು ಪೀಳಿಗೆಯ ಬದಲಾವಣೆಗೆ ಸಲ್ಲುವುದಿಲ್ಲ.

ಪೆಟ್ಟಿಗೆಯೇ ಬದಲಾದರೆ

ಎಚ್‌ಪಿಯಿಂದ ಬೇರ್ಪಟ್ಟ ಎಚ್‌ಪಿಇ ಕಂಪನಿ 2015ರಲ್ಲಿ ಸಿನರ್ಜಿ ಎಂಬ ಹೊಸ ಪೆಟ್ಟಿಗೆಯನ್ನು ಪ್ರಕಟಿಸಿತು. ಇದರ ಬ್ಲೇಡುಗಳ ಮದರ್‌ಬೋರ್ಡಿನಲ್ಲಿ ಜಾಲಸಂಪರ್ಕವೇ ಇಲ್ಲ. ಎಲ್ಲವೂ ಮೆಜನೀನ್ ಕಾರ್ಡಿನ ಮೂಲಕ. ಮೊದಲ ಕಾರ್ಡು ಹಿಂದಿನ 1 ಮತ್ತು 4ನೇ ಖಾನೆಗಳಿಗೆ, ಎರಡನೆಯದು 2 ಮತ್ತು 5ಕ್ಕೆ, ಮೂರನೆಯದು 3 ಮತ್ತು 6ಕ್ಕೆ ಹೋಗುತ್ತದೆ. ಸಾಮಾನ್ಯ ಜಾಲಕ್ಕೆ ಬಳಸುವುದು ಮೂರನೆಯ ಕಾರ್ಡನ್ನು. ಸಿ-7000ರಲ್ಲಿ ‘ಒಂದು-ಎರಡು’ ಎಂಬ ಜೋಡಿಗೆ ಒಗ್ಗಿದ ಕೈ, ಇಲ್ಲಿ ‘ಮೂರು-ಆರು’ ಎಂಬ ಜೋಡಿಗೆ ಒಗ್ಗಬೇಕು. ಹಳೆಯ ಅಭ್ಯಾಸದಂತೆ 1 ಮತ್ತು 2ನೇ ಖಾನೆಗಳಲ್ಲಿ ಜೋಡಿ ಮಾಡ್ಯೂಲುಗಳನ್ನು ಕೂರಿಸಿದರೆ ಅವು ಎರಡು ಬೇರೆ ಕಾರ್ಡುಗಳ ಒಂದೊಂದು ಕೈಯಾಗುತ್ತವೆ.

ತಪ್ಪು ಎಲ್ಲಿದೆ?

ತಯಾರಕರ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳೋಣ. ನಡುಹಲಗೆಯ ನಕ್ಷೆಯನ್ನು ಅವರು ಮುಚ್ಚಿಟ್ಟಿಲ್ಲ. ಅವರ ಕೋಷ್ಟಕಗಳಲ್ಲಿ ಸುಳ್ಳಿಲ್ಲ. ಬ್ಲೇಡು ಬದಲಿಸುವಾಗಿನ ತೊಂದರೆ ಅವರಿಗೆ ತಿಳಿಯದ್ದೇನೂ ಅಲ್ಲ. ಎಚ್‌ಪಿ 2007ರಲ್ಲಿ ತಂದ ವರ್ಚುಯಲ್ ಕನೆಕ್ಟ್ ಎಂಬ ವ್ಯವಸ್ಥೆ ಮ್ಯಾಕ್ ವಿಳಾಸವನ್ನು ಬ್ಲೇಡಿಗೆ ಬದಲಾಗಿ ಖಾನೆಗೆ ಹೊಂದಿಸಿದ ವಿವರಪಟ್ಟಿಯಲ್ಲಿ ಇಡುತ್ತದೆ. ಬ್ಲೇಡು ಹೋದರೂ ವಿಳಾಸ ಖಾನೆಯಲ್ಲೇ ಉಳಿಯುತ್ತದೆ. ಹೊಸ ಬ್ಲೇಡು ಅದನ್ನೇ ಧರಿಸುತ್ತದೆ. ಗ್ರಾಹಕ ಬದಲಾದರೂ ಫೋನ್ ನಂಬರು ಮನೆಗೇ ಉಳಿದಂತೆ. ಮೇಲೆ ಹೇಳಿದ ಇಥ್-0 ಕಾಣೆಯಾಗುವ ತೊಂದರೆಗೆ ಒಂದೇ ಪೀಳಿಗೆಯೊಳಗೆ ಇದು ಸಮರ್ಪಕ ಪರಿಹಾರ.

ಆದರೂ ವಿಮರ್ಶೆಗೆ ಎಡೆಯಿದೆ. ತಯಾರಕರ ಕೋಷ್ಟಕ ವಿವರಿಸುವುದು ಮೂರು ಗುರುತುಗಳ ಪೈಕಿ ಎರಡನ್ನು ಮಾತ್ರ: ಬ್ಲೇಡಿನ ಸಂಪರ್ಕ ಮತ್ತು ಸ್ವಿಚ್ಚಿನ ದ್ವಾರ. ಕಾರ್ಯಾಚರಣೆ ವ್ಯವಸ್ಥೆ ಕೊಡುವ ಹೆಸರು ಅದರಲ್ಲಿಲ್ಲ. ಕಾರ್ಯಾಚರಣೆ ವ್ಯವಸ್ಥೆಯ ಕೈಪಿಡಿ ತನ್ನ ಹೆಸರುಗಳನ್ನು ವಿವರಿಸುತ್ತದೆ. ಅದಕ್ಕೆ ನಡುಹಲಗೆ ಗೊತ್ತಿಲ್ಲ. ಜಾಲದವರ ದಾಖಲೆ ಸ್ವಿಚ್ಚಿನ ದ್ವಾರದಿಂದ ಆಚೆಗೆ ಆರಂಭವಾಗುತ್ತದೆ. ಮೂವರೂ ತಮ್ಮ ತಮ್ಮ ಪುಟವನ್ನು ಸರಿಯಾಗಿಯೇ ಬರೆದಿದ್ದಾರೆ. ಮೂರನ್ನೂ ಒಂದು ಸಾಲಿನಲ್ಲಿ ಕೂಡಿಸುವ ಪುಟ ಯಾರ ಹೊಣೆಯೂ ಅಲ್ಲ. ಎಕ್ಸ್‌ಚೇಂಜಿನಲ್ಲಿ ವಿತರಣಾ ಚೌಕಟ್ಟು ಕಣ್ಣಿಗೆ ಕಾಣುವ ವಸ್ತುವಾಗಿದ್ದುದರಿಂದ ಅದಕ್ಕೊಬ್ಬ ಹೊಣೆಗಾರನೂ ಒಂದು ರಿಜಿಸ್ಟರೂ ಇದ್ದವು. ಬ್ಲೇಡ್ ಪೆಟ್ಟಿಗೆಯಲ್ಲಿ ಅದು ಹಲಗೆಯೊಳಗೆ ಅಡಗಿತು. ಕೇಬಲ್ ಮರೆಯಾದದ್ದನ್ನು ಅನುಕೂಲವೆಂದು ಎಣಿಸಿದ ನಾವು, ಕೇಬಲ್ಲಿನ ಜೊತೆ ಅದರ ಲೇಬಲ್ಲೂ ಮರೆಯಾದದ್ದನ್ನು ಗಮನಿಸಲಿಲ್ಲ.

ಎರಡನೆಯ ಆಕ್ಷೇಪ ಪರೀಕ್ಷೆಗೆ ಸಂಬಂಧಿಸಿದ್ದು. ಹೊಸ ಬ್ಲೇಡು ಕೂರಿಸಿದ ಮೇಲೆ ‘ಜಾಲ ಬಂದಿದೆಯೇ?’ ಎಂದು ನೋಡಿ ಕೆಲಸ ಮುಗಿಸುವುದು ವಾಡಿಕೆ. ಇದು ಅರ್ಧ ಪರೀಕ್ಷೆ. ಎರಡು ದಾರಿಗಳಿವೆಯೇ ಎಂದು ತಿಳಿಯಬೇಕಾದರೆ ಒಂದನ್ನು ಬೇಕೆಂದೇ ಕಡಿದು ನೋಡಬೇಕು. ಸೇವೆ ಇನ್ನೂ ಆರಂಭವಾಗದ ಹೊತ್ತಿನಲ್ಲಿ 1ನೇ ಸ್ವಿಚ್ಚನ್ನು ನಿಲ್ಲಿಸಿ ಸಂಪರ್ಕ ಉಳಿಯಿತೇ ನೋಡುವುದು, ಅದನ್ನು ಮತ್ತೆ ನಡೆಸಿ 2ನೆಯದನ್ನು ನಿಲ್ಲಿಸಿ ನೋಡುವುದು. ಈ ಎರಡು ಪ್ರಯೋಗಗಳಾಗದೆ ‘ಎರಡು ದಾರಿ ಇದೆ’ ಎಂಬುದು ಊಹೆ ಮಾತ್ರ. ಅಲ್ಲಗಳೆಯುವ ಪ್ರಯೋಗಕ್ಕೆ ಒಡ್ಡದ ಹೇಳಿಕೆಯನ್ನು ವಿಜ್ಞಾನ ಒಪ್ಪುವುದಿಲ್ಲ ಎಂದು ನಾವು ತರಗತಿಯಲ್ಲಿ ಹೇಳುತ್ತೇವಲ್ಲ!

ಮೂರನೆಯ ಆಕ್ಷೇಪ ನಮ್ಮ ಬೋಧನೆಯ ಬಗ್ಗೆ. ಗಣಕಜಾಲದ ಪಾಠದಲ್ಲಿ ಪೋರ್ಟ್ ಎಂಬ ಪದ ಇನ್ನೂ ಒಂದು ಅರ್ಥದಲ್ಲಿ ಬರುತ್ತದೆ. ಜಾಲತಾಣಕ್ಕೆ 80, ಸುರಕ್ಷಿತ ಜಾಲತಾಣಕ್ಕೆ 443 ಎನ್ನುವಾಗಿನ ಪೋರ್ಟು ಯಾವ ಲೋಹದ ತುದಿಯೂ ಅಲ್ಲ, ತಂತ್ರಾಂಶದೊಳಗಿನ ಒಂದು ಅಂಕಿ. ವಿದ್ಯಾರ್ಥಿಗಳು ಆ ಅಂಕಿಗಳನ್ನು ಉರು ಹೊಡೆಯುತ್ತಾರೆ. ತಂತಿ ಹೋಗುವ ಪೋರ್ಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳದಿದ್ದರೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಕನ್ನಡದಲ್ಲಿ ಪಾಠ ಮಾಡುವವರಿಗೆ ಇಲ್ಲೊಂದು ಅನುಕೂಲವೂ ಇದೆ. ಇಂಗ್ಲಿಷ್ ಒಂದೇ ಪದದಲ್ಲಿ ಹಿಡಿದಿಟ್ಟದ್ದನ್ನು ನಾವು ಬೇರೆ ಬೇರೆ ಪದಗಳಲ್ಲಿ ಹೇಳಬಹುದು: ಗಣಕ ಕೊಟ್ಟ ಹೆಸರು, ಬ್ಲೇಡಿನ ಸಂಪರ್ಕ, ಸ್ವಿಚ್ಚಿನ ದ್ವಾರ. ಈ ಲೇಖನದಲ್ಲಿ ಸಾಧ್ಯವಾದಷ್ಟೂ ಹಾಗೆಯೇ ಮಾಡಲಾಗಿದೆ.

ತರಗತಿಯಲ್ಲಿ ಮಾಡಿ ನೋಡಬಹುದಾದದ್ದು

ಇದನ್ನು ಕಲಿಸಲು ಬ್ಲೇಡ್ ಸರ್ವರ್ ಬೇಕಾಗಿಲ್ಲ. ದೇಗಾಂವದಂಥ ಊರಿನ ಯಾವ ಶಾಲೆಯಲ್ಲಾದರೂ ರಟ್ಟು, ಬೆಂಕಿಪೊಟ್ಟಣ, ದಾರಗಳಿಂದ ಮಾಡಬಹುದು. ರಟ್ಟಿನ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ರಂಧ್ರಗಳನ್ನು ಕೊರೆಯಿರಿ. ಮುಂದೆ ನಾಲ್ಕು ಬೆಂಕಿಪೊಟ್ಟಣ, ಹಿಂದೆ ಎರಡು. ಮುಂದಿನ ಪ್ರತಿ ಪೊಟ್ಟಣದಿಂದ ಕೆಂಪು ದಾರ ಹಿಂದಿನ ಮೊದಲ ಪೊಟ್ಟಣಕ್ಕೆ, ನೀಲಿ ದಾರ ಎರಡನೆಯದಕ್ಕೆ ಹೋಗಲಿ. ಮುಂದಿನ ತುದಿಗಳಿಗೆ ಚೀಟಿ ಅಂಟಿಸಿ: ಕೆಂಪಿಗೆ 0, ನೀಲಿಗೆ 1. ‘0 ಮತ್ತು 1 ಜೋಡಿ’ ಎಂದು ಹಲಗೆಯ ಮೇಲೆ ಬರೆಯಿರಿ. ಈಗ ಒಂದು ಪೊಟ್ಟಣವನ್ನು ತೆಗೆದು ‘ಹೊಸ ಬ್ಲೇಡ್’ ಇಡಿ. ಅದರ ಕೆಂಪು ದಾರದ ತುದಿಯನ್ನು ಎರಡು ಎಳೆಯಾಗಿ ಬಿಡಿಸಿ, ನೀಲಿಯದನ್ನೂ ಬಿಡಿಸಿ. ನಾಲ್ಕು ಎಳೆಗಳಿಗೆ 0ರಿಂದ 3ರವರೆಗೆ ಚೀಟಿ ಹಚ್ಚುವ ಕೆಲಸವನ್ನು ದಾರದ ಇನ್ನೊಂದು ತುದಿ ಕಾಣದ ವಿದ್ಯಾರ್ಥಿಗೆ ಕೊಡಿ. ನಂತರ ಹಿಂದಿನ ಮೊದಲ ಪೊಟ್ಟಣವನ್ನು ತೆಗೆದುಬಿಡಿ. ‘0 ಮತ್ತು 1’ರ ಜೋಡಿ ಉಳಿಯಿತೇ? ಹಲವು ಸಲ ಮಾಡಿ ಎಣಿಸಿ. ನಾಲ್ಕು ಎಳೆಗಳಿಂದ ಎರಡನ್ನು ಆರಿಸುವ ವಿಧಾನಗಳು 6. ಅವುಗಳಲ್ಲಿ ಎರಡೂ ಒಂದೇ ಬಣ್ಣದವಾಗುವುದು 2. ಚೀಟಿಗಳು ಯಾದೃಚ್ಛಿಕವಾಗಿ ಬಿದ್ದರೆ ಮೂರರಲ್ಲಿ ಒಂದು ಸಲ ಎರಡನೆಯ ದಾರಿ ಇರುವುದಿಲ್ಲ.

ಇದಾದ ಮೇಲೆ ಮೂರು ಅಂಕಣಗಳ ಒಂದು ಕೋಷ್ಟಕ ಬರೆಯಿಸಿ: ಚೀಟಿಯ ಅಂಕಿ, ದಾರದ ಬಣ್ಣ, ಹಿಂದಿನ ಪೊಟ್ಟಣ. ಬ್ಲೇಡು ಬದಲಾದಾಗಲೆಲ್ಲ ಮೊದಲ ಅಂಕಣವನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಎರಡನೆಯದು ಕೆಲವೊಮ್ಮೆ ಬದಲಾಗುತ್ತದೆ. ನಡುಹಲಗೆ ಅದೇ ಇರುವವರೆಗೆ, ಯಾವ ಬಣ್ಣದ ದಾರ ಯಾವ ಪೊಟ್ಟಣಕ್ಕೆ ಎಂಬ ನಂಟು ಬದಲಾಗುವುದಿಲ್ಲ. ನಿಜವಾದ ದತ್ತಾಂಶ ಕೇಂದ್ರದಲ್ಲಿ ಕೆಲಸಕ್ಕೆ ಸೇರುವ ವಿದ್ಯಾರ್ಥಿ ಇದೇ ಕೋಷ್ಟಕವನ್ನು ಬ್ಲೇಡು ತೆಗೆಯುವ ಮೊದಲು ಒಮ್ಮೆ, ಹೊಸದನ್ನು ಕೂರಿಸಿದ ಮೇಲೆ ಇನ್ನೊಮ್ಮೆ ಬರೆದು ಹೋಲಿಸಿದರೆ ಸಾಕು. ಎಲ್ಲಿ ಎರಡು ಸಾಲುಗಳ ಕೊನೆಯ ಅಂಕಣ ಒಂದೇ ಆಗಿದೆಯೋ ಅಲ್ಲಿ ಜೋಡಿ ಹೆಸರಿಗೆ ಮಾತ್ರ ಜೋಡಿ. ಅದನ್ನು ಆ ರಾತ್ರಿಯೇ ಸರಿಪಡಿಸಬೇಕು, ಬೆಳಿಗ್ಗೆ ಪಹಣಿಯ ಕಿಟಕಿ ತೆರೆಯುವ ಮೊದಲು.